ನಾಲ್ಕು ಗಂಟೆಯ ಗೆಣಸು

ಮಾರ್ಚ್ 2, ಸೋಮವಾರ

ಪುಟ್ಟಿ,

ಕೊಡುತ್ತೇವೆ ಎಂದದ್ದು: ಕೂತು ತಿನ್ನಲು ಒಂದು ಕೋಣೆ. ಇಸ್ತ್ರಿ ಯಂತ್ರದ ಮುಂದೆ ನಿಲ್ಲುವವರಿಗೆ ಎತ್ತರದ ಸ್ಟೂಲು. ನಾಲ್ಕು ಗಂಟೆಯ ಬಿಡುವಿನಲ್ಲಿ ಬಿಸಿ ತಿಂಡಿ.

ಕೊಡದೇ ಇದ್ದದ್ದು: ಸ್ಟೂಲು. ತಿಂಡಿ.

ಕೋಣೆಯನ್ನೇನೋ ಕೊಟ್ಟರು, ಎರಡು ವರ್ಷ ಆಸ್ಪತ್ರೆಯ ಆಡಳಿತದವರ ಬಾಗಿಲಲ್ಲಿ ಧರಣಿ ಕೂತ ಮೇಲೆ. ತಿಂಡಿಯ ಬದಲು ಅದರೊಳಗೆ ಒಂದು ಓವನ್ ತಂದಿಟ್ಟರು. ಒಲೆ ಹಚ್ಚುವ ಹಾಗಿಲ್ಲ, ಎಣ್ಣೆ ಕಾಯಿಸುವ ಹಾಗಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ಇದು, ಗಾಳಿಯ ತುಂಬ ನೂಲಿನ ದೂಳು, ಒಂದು ಕಿಡಿ ಸಾಕು. ಅದು ನ್ಯಾಯ, ಒಪ್ಪಿದೆವು. ಆದರೆ ಮೊನ್ನೆ ಆಡಳಿತದ ಅಧಿಕಾರಿ ಬಂದ. ನಾವು ಅವನನ್ನು ಇಸ್ತ್ರಿಶರ್ಟು ಅನ್ನುತ್ತೇವೆ. ಅವನು ಹೇಳಿದ್ದು ಇಷ್ಟು: "ಓವನ್ ಕೊಟ್ಟಿದ್ದೀವಲ್ಲಮ್ಮ, ಮಾಡ್ಕೊಂಡು ತಿನ್ನಿ. ಏಪ್ರಿಲ್ ಹದಿನೈದಕ್ಕೆ ನಾಲ್ಕು ಗಂಟೆಗೆ ಬರ್ತೀನಿ. ಅಷ್ಟರೊಳಗೆ ಅದು ಉಪಯೋಗಕ್ಕೆ ಬರ್ಲಿಲ್ಲ ಅಂದ್ರೆ ಕೋಣೆ ಉಗ್ರಾಣಕ್ಕೆ ಹೋಗುತ್ತೆ."

ಕೊಟ್ಟ ಹಾಗೂ ಆಗಬೇಕು, ಕಸಿದ ಹಾಗೂ ಆಗಬೇಕು. ಇವರ ಬುದ್ಧಿ ನಿನಗೆ ಹೊಸದಲ್ಲ.

ಆಸ್ಪತ್ರೆಯ ಅಡುಗೆಮನೆಯವರು ನಮ್ಮ ಸಂಘದವರೇ. "ಬೇರೇನೂ ಇಲ್ಲ, ಗೆಣಸಿದೆ, ಬೇಯಿಸಿ ಕೊಟ್ರೆ ರೋಗಿಗಳು ಮೂಸಿನೂ ನೋಡಲ್ಲ, ತಗೊಂಡೋಗಿ" ಎಂದರು. ಹಾಗಾಗಿ ಗೆಣಸಿನ ಫಿಂಗರ್ ಚಿಪ್ಸ್ ಎಂದು ಸಭೆಯಲ್ಲಿ ತೀರ್ಮಾನ ಆಯಿತು. ಎಣ್ಣೆಯಲ್ಲಿ ಕರಿಯದೆ, ಓವನ್‌ನಲ್ಲಿ, ಗರಿಗರಿಯಾಗಿ. ಮಾಡುವ ಜವಾಬ್ದಾರಿ ಕಾರ್ಯದರ್ಶಿಯದು ಎಂದರು. ಕಾರ್ಯದರ್ಶಿ ನಾನು.

ನಿನ್ನ ಭಾವ ಯಾರೋ ಎಸೆದಿದ್ದ ಪುಟ್ಟ ಓವನ್ ಒಂದನ್ನು ರಿಪೇರಿ ಮಾಡಿ ಮನೆಗೆ ತಂದಿದ್ದಾರೆ. ನಿನ್ನೆ ಅದರಲ್ಲಿ ಮಾಡಿದೆ. ಹೆಚ್ಚಿದೆ, ಉಪ್ಪು ಎಣ್ಣೆ ಕಲಸಿದೆ, ಒಳಗೆ ತಳ್ಳಿದೆ. ಒಂದು ತುಂಡು ಹಿಡಿದು ಎಳೆದು ನೋಡಿ ಭಾವ ಕೇಳಿದರು: "ಇದು ಗೆಣಸೋ, ಸೈಕಲ್ ಟ್ಯೂಬೋ?"

ನೀನು ಹದಿನಾಲ್ಕು ವರ್ಷದಿಂದ ಬೇಕರಿಯ ಓವನ್ ಮುಂದೆ ಇರುವವಳು. ಬರೆದು ತಿಳಿಸು. ಫೋನು ಮಾಡುವುದಿಲ್ಲ. ಫೋನಿನಲ್ಲಿ ನಾವಿಬ್ಬರೂ ಎರಡನೇ ನಿಮಿಷಕ್ಕೆ ಜಗಳ ಆಡುತ್ತೇವೆ. ಕಾಗದದಲ್ಲಾದರೆ ಜಗಳ ತಲುಪುವುದಕ್ಕೇ ಮೂರು ದಿನ ಬೇಕು.

ಅಕ್ಕ

---

ಮಾರ್ಚ್ 9, ಸೋಮವಾರ

ಅಕ್ಕ,

ನಿನ್ನ ಪತ್ರ ಶುರುವಾದ ರೀತಿ ನನಗೆ ಹಿಡಿಸಿತು. ನಾನೂ ಹಾಗೇ ಬರೆಯುತ್ತೇನೆ.

ಬರುತ್ತೇನೆ ಎಂದದ್ದು: ನನ್ನ ಮದುವೆಯ ಹಿಂದಿನ ದಿನ. ಮಗಳು ಹುಟ್ಟಿದಾಗ. ಈ ಮನೆಗೆ ಬಂದಾಗ.

ಬಾರದೇ ಇದ್ದದ್ದು: ಮೂರಕ್ಕೂ.

ಮದುವೆಯ ದಿನ ಬಂದೆ, ಇಲ್ಲ ಅನ್ನುವುದಿಲ್ಲ. ಊಟದ ಹೊತ್ತಿಗೆ, ಕಂಕುಳಲ್ಲಿ ಬ್ಯಾನರ್ ಸುತ್ತಿಟ್ಟುಕೊಂಡು. ಫೋಟೋದಲ್ಲಿ ಅದನ್ನು ನೋಡಿದವರು ಇವತ್ತಿಗೂ "ನಿಮ್ಮಕ್ಕ ಕಾರ್ಪೆಟ್ ಕೊಟ್ರಾ?" ಎಂದು ಕೇಳುತ್ತಾರೆ.

ಅಮ್ಮ ಹೋದಾಗ ನನಗೆ ಹನ್ನೆರಡು, ನಿನಗೆ ಇಪ್ಪತ್ತು. ಏಳು ವರ್ಷ ದಿನಾ ಬೆಳಿಗ್ಗೆ ಗೆಣಸು ಬೇಯಿಸಿ ನಿನ್ನ ಡಬ್ಬಿಗೆ ಹಾಕಿದವಳು ನಾನು. ಡಬ್ಬಿ ಖಾಲಿಯಾಗಿ ವಾಪಸ್ ಬರುತ್ತಿತ್ತು. ಅದರ ಜೊತೆ ಒಂದು ಮಾತೂ ಬರುತ್ತಿರಲಿಲ್ಲ. ಎಲ್ಲಿ ಸುರಿದು ಬರುತ್ತಾಳೋ ಎಂದುಕೊಂಡು ಡಬ್ಬಿ ತೊಳೆಯುತ್ತಿದ್ದೆ. ಈಗ ಅದೇ ಅಕ್ಕ ಗೆಣಸು ಮಾಡುವುದು ಹೇಗೆ ಎಂದು ಕೇಳುತ್ತಾಳೆ. ಇರಲಿ, ಬರೆದುಕೋ.

ಕಿರುಬೆರಳಿಗಿಂತ ದಪ್ಪ ಬೇಡ, ಎಲ್ಲವೂ ಒಂದೇ ದಪ್ಪ ಇರಲಿ. ಹೆಚ್ಚಿದ ಮೇಲೆ ತಣ್ಣೀರಲ್ಲಿ ಅರ್ಧ ಗಂಟೆ ನೆನೆಸು. ಆಮೇಲೆ ನೀರಿನ ಪಸೆ ಇಲ್ಲದ ಹಾಗೆ ಒರೆಸು. ಕಾರ್ನ್‌ಫ್ಲೋರ್ ತೆಳ್ಳಗೆ ಉದುರಿಸಿ ಕೊಡವು, ಹಿಟ್ಟು ಕಂಡೂ ಕಾಣದಂತಿರಬೇಕು. ಅದಾದ ಮೇಲೆ ಎರಡು ಚಮಚ ಎಣ್ಣೆ. ಉಪ್ಪು ಈಗಲೇ ಹಾಕಬೇಡ, ಉಪ್ಪು ನೀರು ಬಿಡಿಸುತ್ತದೆ. ಓವನ್ ಮೊದಲೇ ಇನ್ನೂರಿಪ್ಪತ್ತು ಡಿಗ್ರಿಗೆ ಕಾದಿರಬೇಕು. ಟ್ರೇನಲ್ಲಿ ಒಂದೇ ಪದರ. ಒಂದಕ್ಕೊಂದು ತಾಗಬಾರದು. ಹದಿನೈದು ನಿಮಿಷಕ್ಕೆ ತಿರುವಿ ಹಾಕು, ಇನ್ನೂ ಹತ್ತು ಹನ್ನೆರಡು ನಿಮಿಷ ಬಿಡು. ಆರಿಸಿ, ಬಾಗಿಲು ಒಂದು ಬೆರಳಷ್ಟು ತೆರೆದು ಐದು ನಿಮಿಷ ಒಳಗೇ ಇರಲಿ. ಹೊರಗೆ ತೆಗೆದ ಮೇಲೆ ಉಪ್ಪು, ಖಾರದಪುಡಿ.

ಗುಂಪು ಮಾಡಬೇಡ. ಅದೊಂದು ನೆನಪಿಡು.

ತಂಗಿ

---

ಮಾರ್ಚ್ 15, ಭಾನುವಾರ

ಪುಟ್ಟಿ,

ಇವತ್ತು ನಮ್ಮ ಅಡುಗೆಮನೆಯಲ್ಲಿ ಹನ್ನೊಂದು ಜನ. ಒಗೆಯುವವರು, ಹಿಂಡುವವರು, ಇಸ್ತ್ರಿಯವರು, ಎಲ್ಲರೂ ಚಾಕು ಹಿಡಿದುಕೊಂಡೇ ಬಂದಿದ್ದರು. ನಿನ್ನ ಭಾವ ಬಾಗಿಲಲ್ಲೇ ನಿಂತು "ಗೆಣಸಿಗಾ, ಅಧಿಕಾರಿಗಾ?" ಎಂದರು.

ನಿನ್ನ ಪತ್ರವನ್ನು ಗಟ್ಟಿಯಾಗಿ ಓದಿದೆ. ಮೊದಲ ಭಾಗ ಬಿಟ್ಟು. ಅದಕ್ಕೆ ಉತ್ತರ ಇದೆ, ಈಗಲ್ಲ.

"ಗುಂಪು ಮಾಡಬೇಡ, ಒಂದಕ್ಕೊಂದು ತಾಗಬಾರದು." ಇದು ಯಾರಿಗೆ ಬಿಟ್ಟ ಬಾಣ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ಮೂವತ್ತು ವರ್ಷ ಗುಂಪು ಮಾಡಿದ್ದೇ ನನ್ನ ಬದುಕು. ಬಿಡಿಬಿಡಿಯಾಗಿ ನಿಂತವರನ್ನು ಒಬ್ಬೊಬ್ಬರಾಗಿ ಮನೆಗೆ ಕಳಿಸಿದ್ದನ್ನು ಈ ಕಣ್ಣಲ್ಲೇ ಕಂಡವಳು. ನಿನ್ನ ಮದುವೆಯ ಹಿಂದಿನ ದಿನ ಅರವತ್ತು ಜನರನ್ನು ಒಂದೇ ಏಟಿಗೆ ಕೆಲಸದಿಂದ ತೆಗೆದಿದ್ದರು. ಅವರನ್ನು ಗೇಟಿನ ಮುಂದೆ ಬಿಟ್ಟು ಹೂ ಕಟ್ಟಲು ಬರಬೇಕಿತ್ತೇ? ಈ ಮಾತನ್ನು ನೇರವಾಗಿ ಕೇಳಬಹುದಿತ್ತು, ಗೆಣಸಿನ ನೆಪ ಬೇಕಿರಲಿಲ್ಲ.

ಹಟಕ್ಕೇ ಎರಡು ಕಿಲೋ ಗೆಣಸನ್ನೂ ಒಂದೇ ಟ್ರೇಗೆ ಸುರಿದೆ. ಇನ್ನೊಂದು ತಪ್ಪೂ ಆಯಿತು. ಹನ್ನೊಂದು ಜನ, ಹನ್ನೊಂದು ದಪ್ಪ. ಒಬ್ಬಳದು ಬೆಂಕಿಕಡ್ಡಿ, ಇನ್ನೊಬ್ಬಳದು ಸೌದೆ. ಅಳತೆ ಒಬ್ಬರದೇ ಇರಲಿ ಅಂದರೆ "ಯಾಕೆ, ನಮ್ಮ ಕೈ ಕೈಯಲ್ವಾ?" ಎಂದರು. ಕಾರ್ಯದರ್ಶಿ ಸರ್ವಾಧಿಕಾರಿ ಆಗಬಾರದಲ್ಲ, ಅವರವರ ಕೈಗೇ ಬಿಟ್ಟೆ.

ಹೊರಗೆ ತೆಗೆದಾಗ ಮೇಲಿನದು ಕರಿ, ನಡುವಿನದು ಹಸಿ, ಕೆಳಗಿನದು ಮುದ್ದೆ. ಹನ್ನೊಂದು ಜನರೂ ಚಮಚ ತಗೊಂಡು ತಿಂದರು. ಹಸಿವಾಗಿತ್ತು, ಅಷ್ಟೆ. ಇದನ್ನು ಇಸ್ತ್ರಿಶರ್ಟಿನ ಮುಂದೆ ಇಟ್ಟರೆ ಕೋಣೆ ಹೋಯಿತೆಂದೇ ಲೆಕ್ಕ. ಎರಡು ವರ್ಷದ ಹೋರಾಟ ಗೆಣಸಿನ ಮುದ್ದೆಯಲ್ಲಿ ಮುಗಿಯಿತು ಅಂತ ಜನ ನಗುತ್ತಾರೆ.

ಅಕ್ಕ

---

ಮಾರ್ಚ್ 21, ಶನಿವಾರ

ಅಕ್ಕ,

ಗೆಣಸಿನ ವಿಷಯ ಬರೆದರೆ ಗೆಣಸಿನ ವಿಷಯ ಅಷ್ಟೇ. ನಿನಗೆ ಬೈಯಬೇಕಾದಾಗ ನೇರವಾಗಿಯೇ ಬೈದಿದ್ದೇನೆ. ಆ ಪತ್ರದ ಮೊದಲ ಭಾಗ ಇನ್ನೊಮ್ಮೆ ಓದು.

ಒದ್ದೆ ಬೆಡ್‌ಶೀಟಿನ ಮೇಲೆ ಒದ್ದೆ ಬೆಡ್‌ಶೀಟ್ ಒಣಹಾಕುತ್ತೀಯಾ? ಹಾಕಿದರೆ ಒಣಗುತ್ತದೆಯೇ? ಇದೂ ಅದೇ. ಪ್ರತಿ ತುಂಡಿನಿಂದಲೂ ಆವಿ ಹೊರಗೆ ಹೋಗಬೇಕು. ಹೋಗಲು ಜಾಗ ಇಲ್ಲದಿದ್ದರೆ ಒಂದರ ಬೆವರು ಇನ್ನೊಂದಕ್ಕೆ.

ಎರಡು ಟ್ರೇ ಮಾಡು. ಇವತ್ತು ಇಷ್ಟೇ.

ತಂಗಿ

---

ಮಾರ್ಚ್ 26, ಗುರುವಾರ

ಪುಟ್ಟಿ,

ಸೋತೆ, ಒಪ್ಪಿದೆ. ನೀನು ಬೆಡ್‌ಶೀಟ್ ಅಂದಮೇಲೆ ನಮಗೆ ಬೇರೆ ಪಾಠ ಬೇಕೇ?

ನಮ್ಮಲ್ಲಿ ಬಟ್ಟೆಗೆ ಗಂಜಿ ಹಾಕುವ ಹಿರಿಯಳೊಬ್ಬಳಿದ್ದಾಳೆ, ಎಲ್ಲರಿಗೂ ಗಂಜಿಯಕ್ಕ. ನಿನ್ನ ಪತ್ರ ಕೇಳಿ ಹಣೆ ಚಚ್ಚಿಕೊಂಡಳು. "ಇಪ್ಪತ್ತಾರು ವರ್ಷದಿಂದ ದಿನಕ್ಕೆ ಸಾವಿರ ಬಟ್ಟೆ ಒಣಗಿಸ್ತೀವಿ. ಒಣಗಿಸೋದು ಹೇಗೆ ಅಂತ ನಮಗೆ ಬೇಕರಿಯವಳು ಕಾಗದ ಬರೀಬೇಕಾಯ್ತಲ್ರೇ! ಮುಖ ಎಲ್ಲಿಡೋದು?"

ನಿನ್ನೆ ಸಂಜೆ ಮತ್ತೆ ನಮ್ಮ ಮನೆಯಲ್ಲಿ ಸೇರಿ ಅವಳದೇ ಕಿರುಬೆರಳನ್ನು ಅಳತೆ ಎಂದು ಇಟ್ಟೆವು. ಮತಕ್ಕೆ ಹಾಕಿದೆ, ಹನ್ನೊಂದಕ್ಕೆ ಹನ್ನೊಂದು. ನೆನೆಸಿದ ತುಂಡುಗಳನ್ನು ಮನೆಯ ಒಗೆದ ಟವೆಲಿನಲ್ಲಿ ಹರಡಿ, ಇಬ್ಬರು ಎರಡು ತುದಿ ಹಿಡಿದು, ನಾವು ಬೆಡ್‌ಶೀಟ್ ಝಾಡಿಸುವ ಹಾಗೆ ಮೆಲ್ಲಗೆ ತೂಗಿದೆವು. ಟವೆಲು ಬದಲಾಯಿಸಿ ಇನ್ನೊಮ್ಮೆ. ಕೊನೆಗೆ ಗಂಜಿಯಕ್ಕ ಒಂದು ತುಂಡನ್ನು ಕೆನ್ನೆಗೆ ಒತ್ತಿ ನೋಡಿದಳು. ಒಣಗಿದ ದಿಂಬಿನ ಕವರನ್ನು ಅವಳು ಹಾಗೇ ನೋಡುವುದು. "ಆಯ್ತು" ಎಂದಳು. ಕಾರ್ನ್‌ಫ್ಲೋರ್ ಉದುರಿಸುವ ಕೆಲಸವನ್ನು ಯಾರಿಗೂ ಬಿಡಲಿಲ್ಲ. ಅದೂ ಗಂಜಿಯೇ ತಾನೇ, ಅವಳ ಇಲಾಖೆ.

ಎರಡು ಟ್ರೇ, ಒಂದೇ ಪದರ, ತುಂಡು ತುಂಡಿನ ನಡುವೆ ಗಾಳಿಯಾಡುವಷ್ಟು ಜಾಗ. ಸಾಲಾಗಿ ಜೋಡಿಸುವಾಗ ನನಗೆ ಅನ್ನಿಸಿತು, ನಮ್ಮ ಮೆರವಣಿಗೆಯಲ್ಲೂ ಮುಂದಿನವರ ಹಿಮ್ಮಡಿ ತುಳಿಯದಷ್ಟು ಅಂತರ ಇಟ್ಟುಕೊಂಡೇ ನಡೆಯುತ್ತೇವೆ. ಇದನ್ನು ನಾನು ಹೇಳಿಕೊಡಬೇಕಾಗಿತ್ತು ನಿನಗೆ!

ಬಾಗಿಲು ತೆರೆದು ಐದು ನಿಮಿಷ ಕಾಯುವುದು ಮಾತ್ರ ಎರಡು ವರ್ಷದ ಧರಣಿಗಿಂತ ಕಷ್ಟವಾಯಿತು. ಆಮೇಲೆ ಒಂದು ತುಂಡು ಬಾಯಿಗೆ ಹಾಕಿದೆ. ಕರುಂ ಎಂದಿತು, ಪುಟ್ಟಿ. ಹೊರಗೆ ಗರಿ, ಒಳಗೆ ಬೆಣ್ಣೆ. ಹನ್ನೊಂದು ಜನರ ಬಾಯಲ್ಲೂ ಕರುಂ. ಭಾವ ಟ್ರೇಯನ್ನೇ ತಮ್ಮ ಕಡೆಗೆ ಎಳೆದುಕೊಂಡರು. ಅವರ ಕಡೆಯಿಂದ ಅದೇ ದೊಡ್ಡ ಭಾಷಣ.

ಈಗ ಉಳಿದದ್ದು ಒಂದು ಸಮಸ್ಯೆ. ಅಧಿಕಾರಿ ಬರುವ ದಿನ ನಾವು ನಲವತ್ತೆರಡು ಜನ. ಬಿಡುವು ಹದಿನೈದು ನಿಮಿಷ. ಒಂದು ಸುತ್ತು ಬೇಯಲು ಮೂವತ್ತು ನಿಮಿಷ. ಮೊದಲೇ ಮಾಡಿಟ್ಟರೆ ನಾಲ್ಕು ಗಂಟೆಗೆ ಮೆತ್ತಗೆ. ಏನು ಮಾಡಲಿ?

ಇನ್ನೊಂದು ಮಾತು. ನಿನ್ನ ಹಿಂದಿನ ಪತ್ರದ ಅಕ್ಷರ ಸಾಲು ತಪ್ಪಿದ ಇರುವೆಗಳ ಹಾಗಿತ್ತು. ಚಿಕ್ಕಂದಿನಿಂದ ನಿನ್ನದು ಮುತ್ತಿನಂಥ ಅಕ್ಷರ. ನನಗೆ ಬರೆಯುವುದು ಅಷ್ಟು ಬೇಸರವಾದರೆ ಬೇಸರ ಎಂದೇ ಬರೆ.

ಅಕ್ಕ

---

ಏಪ್ರಿಲ್ 6, ಸೋಮವಾರ

ಪುಟ್ಟಿ,

ಹನ್ನೊಂದು ದಿನವಾಯಿತು, ಉತ್ತರ ಇಲ್ಲ. ಸಿಟ್ಟಾಗಿದ್ದೀಯ. ಸರಿ. "ಅದಕ್ಕೆ ಉತ್ತರ ಇದೆ, ಈಗಲ್ಲ" ಎಂದಿದ್ದೆನಲ್ಲ, ಈಗ ಹೇಳುತ್ತೇನೆ.

ಆ ಏಳು ವರ್ಷ ನಾನು ಡಬ್ಬಿಯನ್ನು ಎಲ್ಲೂ ಸುರಿಯಲಿಲ್ಲ. ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯ ಗೇಟಿನ ಮುಂದೆ ಸೇರುತ್ತಿದ್ದೆವು. ಬಹಳ ಜನ ಬರಿ ಹೊಟ್ಟೆಯಲ್ಲಿ ಬರುತ್ತಿದ್ದರು. ನಿನ್ನ ಡಬ್ಬಿ ತೆಗೆದರೆ ಹಬೆ ಇನ್ನೂ ಇರುತ್ತಿತ್ತು. ಐದು ಗೆಣಸು ಹತ್ತು ತುಂಡಾಗುತ್ತಿತ್ತು. ಈ ಗಂಜಿಯಕ್ಕನೂ ಅದನ್ನು ತಿಂದವಳೇ. ನಿನ್ನೆ ಕೇಳಿದಳು: "ಆವಾಗ ಡಬ್ಬಿ ತರ್ತಿದ್ಯಲ್ಲ, ಬೆಲ್ಲದ ಹಾಗಿರ್ತಿತ್ತು, ಯಾರು ಮಾಡ್ತಿದ್ರು ಅದನ್ನ?" ನನ್ನ ತಂಗಿ ಎಂದೆ. "ಇವಳೇನಾ ಕಾಗದ ಬರೆಯೋಳು! ಅವಳಿಗೆ ಹೇಳಿದ್ಯಾ, ನಾವು ಹೊಗಳ್ತಿದ್ವಿ ಅಂತ?"

ಹೇಳಿರಲಿಲ್ಲ. ನೀನು ನಿನ್ನ ಪಾಲಿನ ಗೆಣಸನ್ನೂ ನನಗೇ ಕಟ್ಟುತ್ತಿದ್ದೀಯ ಎಂದು ನನಗೆ ಗೊತ್ತಿತ್ತು. ಅದನ್ನು ಊರಿಗೆಲ್ಲ ಹಂಚುತ್ತಿದ್ದೇನೆ ಎಂದರೆ ನಿನಗೆ ನೋವಾಗುತ್ತದೆ ಎಂದುಕೊಂಡೆ. ಇದು ಅರ್ಧ ಸತ್ಯ. ಉಳಿದರ್ಧ ಇದು: ಹೋರಾಟ ಎಂದರೆ ಗೇಟಿನ ಮುಂದೆ ಕೂಗುವುದು ಮಾತ್ರ ಎಂದು ನಾನು ನಂಬಿದ್ದೆ. ಹನ್ನೆರಡು ವರ್ಷದ ಹುಡುಗಿ ಒಲೆ ಊದುವುದು ನನಗೆ ಲೆಕ್ಕಕ್ಕೇ ಬರಲಿಲ್ಲ. ಯಜಮಾನರು ನಮ್ಮ ದುಡಿಮೆಯನ್ನು ಕಾಣುವುದಿಲ್ಲ ಎಂದು ಕೂಗುತ್ತ ನಾನೂ ಅದನ್ನೇ ಮಾಡಿದೆ.

ಗೆಣಸು ಚೆನ್ನಾಗಿತ್ತು. ಮೂವತ್ತು ವರ್ಷ ತಡವಾಯಿತು. ಬಹಳ ಚೆನ್ನಾಗಿತ್ತು.

ಅಕ್ಕ

---

ಏಪ್ರಿಲ್ 10, ಶುಕ್ರವಾರ

ಅಕ್ಕ,

ಈ ಪತ್ರ ಬರೆಯುತ್ತಿರುವುದು ನನ್ನ ಮಗಳು. ಹೇಳುತ್ತಿರುವುದು ನಾನು. ಆಗಾಗ "ಅಮ್ಮ, ನಿಧಾನ" ಅನ್ನುತ್ತಾಳೆ.

ನಿನ್ನ ಪತ್ರವನ್ನು ಅವಳೇ ಓದಿದಳು. ಮುಗಿಸಿ, "ದೊಡ್ಡಮ್ಮ ಇಷ್ಟು ಮೆತ್ತಗೂ ಮಾತಾಡ್ತಾರಾ?" ಎಂದಳು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಈರುಳ್ಳಿ ಹೆಚ್ಚುತ್ತಿರಲಿಲ್ಲ.

ಸಿಟ್ಟಲ್ಲ ಅಕ್ಕ. ಮಾರ್ಚ್ ಹದಿನೆಂಟರಂದು ಓವನ್ ಮುಂದೆ ತಲೆ ಸುತ್ತಿತು. ಬೀಳುವಾಗ ಬಲಗೈ ಬಿಸಿ ಟ್ರೇ ಮೇಲೆ ಊರಿತು. ಆ ಸೊಟ್ಟ ಅಕ್ಷರ ಎಡಗೈಯದು. ಗಾಯ ಈಗ ಮಾಯುತ್ತಿದೆ, ಗಾಬರಿ ಆಗಬೇಡ. ಹೇಳಿದರೆ ನೀನು ಬ್ಯಾನರ್ ಹಿಡಿದುಕೊಂಡು ಬಸ್ ಹತ್ತುತ್ತೀಯ, ನನ್ನ ಕೆಲಸ ಹೋಗುತ್ತದೆ ಎಂದು ಹೆದರಿ ಮುಚ್ಚಿಟ್ಟೆ.

ಒಲೆಕೋಣೆಯಲ್ಲಿ ನಾವು ಐದು ಜನ ಹೆಂಗಸರು. ಬಿಸಿ ಗಾಳಿ ಎಳೆಯುವ ಫ್ಯಾನು ಕೆಟ್ಟು ಏಳು ತಿಂಗಳಾಯಿತು. ಬೆಳಿಗ್ಗೆ ಐದರಿಂದ ಮಧ್ಯಾಹ್ನ ಎರಡರವರೆಗೆ ನಿಂತೇ ಇರಬೇಕು, ಕೂರಲು ಒಂದು ಡಬ್ಬವೂ ಇಲ್ಲ. ನನಗಿಂತ ಮೊದಲು ಇನ್ನೊಬ್ಬಳು ಬಿದ್ದಿದ್ದಳು. ಯಜಮಾನರು "ಬೆಳಿಗ್ಗೆ ತಿಂದ್ಕೊಂಡು ಬರ್ರಮ್ಮ" ಎಂದರು. ನಿನಗೆ ಬರೆದೆನಲ್ಲ, ಆವಿ ಹೋಗಲು ಜಾಗ ಬೇಕು ಎಂದು. ಅದನ್ನು ಬರೆದ ಸಂಜೆ ಎಡಗೈಯಲ್ಲಿ ಪೆನ್ನು ಹಿಡಿದು ಕೂತಿದ್ದಾಗ ಅನ್ನಿಸಿತು, ಗೆಣಸಿಗೆ ಕೊಡಿಸುವ ನ್ಯಾಯವನ್ನು ನನಗೆ ಕೇಳಿಕೊಳ್ಳಲು ಬಾಯಿಲ್ಲವೇ?

ನಿನ್ನ ಬೇಡಿಕೆಗಳನ್ನು ನಾನು ಎಷ್ಟು ಆಡಿಕೊಂಡಿದ್ದೇನೆ. ಈಗ ಆ ನಾಲ್ವರೂ ನನ್ನ ಮುಖ ನೋಡುತ್ತಾರೆ. "ನಿಮ್ಮಕ್ಕ ಸಂಘದವರಲ್ವಾ, ನೀವೇ ಬರೀರಿ" ಅನ್ನುತ್ತಾರೆ. ಬೇಡಿಕೆ ಪತ್ರ ಬರೆಯುವುದು ಹೇಗೆ ಎಂದು ತಿಳಿಸು. ಹಂತ ಹಂತವಾಗಿ, ನಾನು ಗೆಣಸಿಗೆ ಬರೆದ ಹಾಗೆ.

ಈಗ ನಿನ್ನ ನಲವತ್ತೆರಡು ಜನರ ವಿಷಯ. ರಸ್ಕ್ ಹೇಗೆ ಮಾಡುತ್ತೇವೆ ಗೊತ್ತೇ? ಎರಡು ಸಲ ಓವನ್‌ಗೆ ಹಾಕುತ್ತೇವೆ. ಗೆಣಸಿಗೂ ಅದನ್ನೇ ಮಾಡು. ಎರಡು ಗಂಟೆಗೆ ಮನೆಗೆ ಹೋಗುವ ಬೆಳಗಿನ ಪಾಳಿಯವರು ಸುತ್ತಿನ ಮೇಲೆ ಸುತ್ತು ಮುಕ್ಕಾಲು ಭಾಗ ಬೇಯಿಸಿ, ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ ಆರಲು ಬಿಡಲಿ. ಮುಚ್ಚಬಾರದು. ಓವನ್ ಪೂರ್ತಿ ಕಾದಿರಲಿ. ನಾಲ್ಕಕ್ಕೆ ಸರಿಯಾಗಿ ಒಂದೊಂದೇ ಟ್ರೇ ಒಳಗೆ, ನಾಲ್ಕು ನಿಮಿಷ. ಒಂದು ಹೊರಗೆ ಬರುವಾಗ ಇನ್ನೊಂದು ಒಳಗೆ.

ಗೆದ್ದು ಬರೆ.

ತಂಗಿ

(ದೊಡ್ಡಮ್ಮ, ಅಮ್ಮ ಈರುಳ್ಳಿ ಹೆಚ್ಚುತ್ತಿರಲಿಲ್ಲ ಅಂತ ಬರೆಸಿದ್ದು ನಿಜ. ಅಳುತ್ತಿದ್ದರು. — ಬರೆದವಳು)

---

ಏಪ್ರಿಲ್ 16, ಗುರುವಾರ

ಪುಟ್ಟಿ,

ಮೊದಲು ಬೈಗುಳ. ಕೈ ಸುಟ್ಟುಕೊಂಡು ಮೂರು ವಾರ ಮುಚ್ಚಿಟ್ಟೆಯಲ್ಲ, ನಿನಗೆ ಬುದ್ಧಿ ಇದೆಯೇ? ಮುಗಿಯಿತು ಬೈಗುಳ. ಮುಚ್ಚಿಡುವುದರಲ್ಲಿ ನನ್ನದು ಮೂವತ್ತು ವರ್ಷ, ನಿನ್ನದು ಮೂರೇ ವಾರ.

ನಿನ್ನ ಪತ್ರ ಸೋಮವಾರ ಬಂತು. ನಿನ್ನೆ ನೀನು ಹೇಳಿದ ಹಾಗೇ ಮಾಡಿದೆವು. ಬೆಳಗಿನ ಪಾಳಿಯ ಆರು ಜನ ಮನೆಗೆ ಹೋಗದೆ ಉಳಿದರು. ಸರಿಯಾಗಿ ನಾಲ್ಕಕ್ಕೆ ಇಸ್ತ್ರಿಶರ್ಟು ಗಡಿಯಾರ ನೋಡುತ್ತ ಒಳಗೆ ಬಂದ. ನಾಲ್ಕು ಗಂಟೆ ಐದು ನಿಮಿಷಕ್ಕೆ ಮೊದಲ ಟ್ರೇ ಮೇಜಿನ ಮೇಲಿತ್ತು. ಕೋಣೆಯ ತುಂಬ ಕರುಂ ಕರುಂ ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ತಗೊಂಡ. ತಿಂದ. ಇನ್ನೊಂದು ತಗೊಂಡ. ಆಮೇಲೆ ಮುಖ ಗಂಟು ಹಾಕಿ, "ಇದು ಎಣ್ಣೇಲಿ ಕರಿದಿದ್ದು. ಒಲೆ ಎಲ್ಲಿ ಬಚ್ಚಿಟ್ಟಿದ್ದೀರಿ?" ಎಂದ.

ಹುಡುಕಿದ, ಪುಟ್ಟಿ! ಬೀರು ತೆಗೆಸಿದ, ಮೇಜಿನ ಕೆಳಗೆ ಬಗ್ಗಿದ, ಕೊಳೆ ಬಟ್ಟೆಯ ಬುಟ್ಟಿಗೂ ಕೈ ಹಾಕಿದ. ಗಂಜಿಯಕ್ಕ ತಿನ್ನುತ್ತಲೇ, "ಸಾರ್, ಆ ಬುಟ್ಟೀಲಿ ರೋಗಿಗಳ ಬಟ್ಟೆ ಇದೆ, ಕೈ ತೊಳ್ಕೊಂಡು ಬಂದು ಮೂರನೇದು ತಿನ್ನಿ" ಎಂದಳು. ನಲವತ್ತೆರಡು ಜನ ಒಟ್ಟಿಗೆ ನಕ್ಕರು. ಅವನಿಗೂ ನಗು ತಡೆಯಲಿಲ್ಲ. ಅಷ್ಟರಲ್ಲಿ ಮೂರನೇ ಟ್ರೇ ಅವನ ಕಣ್ಣೆದುರೇ ಓವನ್‌ನಿಂದ ಬಂತು. ಕೈ ತೊಳೆದು ಬಂದ, ಮೂರನೆಯದನ್ನು ತಿಂದ, ಕೋಣೆ ಸಿಬ್ಬಂದಿಯದು ಎಂದು ಸಹಿ ಹಾಕಿದ. ಆ ಕಾಗದ ಈಗ ಓವನ್ ಮೇಲಿನ ಗೋಡೆಯಲ್ಲಿದೆ, ನಿನ್ನ ಮಾರ್ಚ್ ಒಂಬತ್ತರ ಪತ್ರದ ಪಕ್ಕದಲ್ಲಿ. ಮೊದಲ ಭಾಗವನ್ನು ಮಡಿಸಿಲ್ಲ. ಎಲ್ಲರೂ ಓದಲಿ.

ಸ್ಟೂಲು ಇನ್ನೂ ಬಂದಿಲ್ಲ. ಅದನ್ನೂ ಬಿಡುವುದಿಲ್ಲ.

ನಿನ್ನ ಬೇಡಿಕೆ ಪತ್ರವನ್ನು ನಾನು ಬರೆದುಕೊಡುವುದಿಲ್ಲ. ಹೇಗೆಂದು ಹೇಳುತ್ತೇನೆ. ಕೊಡುತ್ತೇವೆ ಎಂದದ್ದು ಮೇಲೆ. ಕೊಡದೇ ಇದ್ದದ್ದು ಕೆಳಗೆ. ಫ್ಯಾನು ಕೆಟ್ಟ ತಾರೀಖು, ಬಿದ್ದವರ ತಾರೀಖು ಬರೆಯಿರಿ. ದಯವಿಟ್ಟು ಎಂಬ ಮಾತು ಒಂದು ಸಲ ಸಾಕು. ಐದೂ ಜನರ ಸಹಿ ಒಂದೇ ವೃತ್ತದ ಸುತ್ತ ಇರಲಿ, ಯಾರದು ಮೊದಲು ಎಂದು ತಿಳಿಯಬಾರದು. ಗುಂಪು ಮಾಡು. ಇಲ್ಲಿ ಒಂದಕ್ಕೊಂದು ತಾಗಲೇಬೇಕು.

ನಾನು ಬರುತ್ತೇನೆ. ಬ್ಯಾನರ್ ಇಲ್ಲದೆ, ಭಾನುವಾರ ಇಪ್ಪತ್ತಾರಕ್ಕೆ, ಮಧ್ಯಾಹ್ನ ಎರಡೂವರೆಗೆ. ಗೆಣಸು ಹೆಚ್ಚುವುದು ನಾನು, ಒಣಗಿಸುವುದು ನಾನು, ಟ್ರೇ ತೊಳೆಯುವುದೂ ನಾನೇ. ನೀನು ಕುರ್ಚಿಯಲ್ಲಿ ಕೂತು ತಪ್ಪು ಹುಡುಕು.

ಅಕ್ಕ

---

ಏಪ್ರಿಲ್ 20, ಸೋಮವಾರ

ಅಕ್ಕ,

ಬಲಗೈಯಲ್ಲೇ ಬರೆಯುತ್ತಿದ್ದೇನೆ, ನೋಡಿಕೋ.

ಎರಡೂವರೆಗೆ ನೀನು ಬಾ. ಬಸ್ಸು ತಪ್ಪಿತು, ಸಭೆ ಉದ್ದವಾಯಿತು ಎಂಬ ಪುರಾಣ ಬೇಡ. ಗೆಣಸು ತಂದಿಟ್ಟಿದ್ದೇನೆ, ಓವನ್ ತೊಳೆದಿದ್ದೇನೆ. ಮಗಳು ಅಕ್ಕಪಕ್ಕದ ಮನೆಗಳಿಂದ ಕುರ್ಚಿ ತರುತ್ತಾಳೆ. ನಿನ್ನ ಒಬ್ಬಳಿಗಲ್ಲ. ಆ ನಾಲ್ವರಿಗೂ ಬನ್ನಿ ಎಂದು ಹೇಳಿಬಿಟ್ಟೆ. ಬೇಡಿಕೆ ಪತ್ರದ ಮೇಲಿನದು, ಕೆಳಗಿನದು ಎರಡನ್ನೂ ಬರೆದಾಗಿದೆ, ನಡುವೆ ವೃತ್ತವನ್ನೂ ಎಳೆದಾಗಿದೆ. ನೀನು ಓದಿ ಸರಿ ಎಂದ ಮೇಲೆ ಎಲ್ಲರೂ ಕೂತು ಸಹಿ ಹಾಕುತ್ತೇವೆ, ಕೈಗೆ ಎಣ್ಣೆ ತಾಗುವ ಮೊದಲು.

ಒಲೆಕೋಣೆಯ ಐವರ ಮೊದಲ ಸಭೆ: ನನ್ನ ಅಡುಗೆಮನೆ, ಏಪ್ರಿಲ್ 26, ಭಾನುವಾರ, ಸಂಜೆ ನಾಲ್ಕು ಗಂಟೆ.